ಎತ್ತಿಗೆ ಜ್ವರ, ಮಂಪರಿನ ಮದ್ದಿಗೆ ಬರೆ

ಸಿಸ್ಟೋಸ್ಕೋಪಿ (ಮೂತ್ರಕೋಶದೊಳಗೆ ಕೊಳವೆ ಇಳಿಸಿ ನೋಡುವ ತಪಾಸಣೆ) ಮೇಜಿನ ಮೇಲೆ ರೋಗಿಯ ಬಿಪಿ 120ರಿಂದ 60ಕ್ಕೆ ಕುಸಿಯಿತು ಅನ್ನಿ. ಅದಕ್ಕೆ ಸ್ವಲ್ಪ ಮುಂಚೆ ಅವರ ಮೈ ಸೇರಿದ್ದು ಮಂಪರು ತರಿಸುವ ಮಿಡಜೋಲಾಂ, ನೋವು ತಗ್ಗಿಸುವ ಫೆಂಟಾನಿಲ್, ಒಂದು ಆಂಟಿಬಯಾಟಿಕ್, ಮೂತ್ರನಾಳಕ್ಕೆ ಬಿಟ್ಟ, ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಬೆರೆತ ಜೆಲ್. ಆರೋಪಿಗಳು ನಾಲ್ವರು. ಡಿಸ್ಚಾರ್ಜ್ ಸಮ್ಮರಿಯ ಕಟಕಟೆಯಲ್ಲಿ ಮಾತ್ರ ವಿಚಾರಣೆಯೇ ಇಲ್ಲ: 'ಸೆಡೇಶನ್ ಅಲರ್ಜಿ', ಅಂದರೆ ಮಂಪರಿನ ಮದ್ದು ಒಗ್ಗದು, ಷರಾ ಮುಗಿಯಿತು. ಯಾವ ಮದ್ದು, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ? ಶಾಯಿ ದಂಡ.

ಅರಿವಳಿಕೆ ಹೊತ್ತಿನ ಅನಫಿಲ್ಯಾಕ್ಸಿಸ್ (ಜೀವಕ್ಕೇ ಕುತ್ತು ತರುವ ದಿಢೀರ್ ಅಲರ್ಜಿ) ಬಗ್ಗೆ ಬ್ರಿಟನ್ನಿನ ತಜ್ಞರು 2018ರಲ್ಲಿ ತಂದ ಎನ್‌ಎಪಿ6 ವರದಿಯಲ್ಲಿ, ಕಾರಣ ಪತ್ತೆಯಾದ ಪ್ರಕರಣಗಳ ಪೈಕಿ ಹೆಚ್ಚುಕಡಿಮೆ ಅರ್ಧ ಆಂಟಿಬಯಾಟಿಕ್‌ನ ಪಾಲು. ಆಮೇಲೆ ಸ್ನಾಯು ಸಡಿಲಿಸುವ ಮದ್ದು, ಅದರ ಹಿಂದೆ ಕ್ಲೋರ್‌ಹೆಕ್ಸಿಡಿನ್. ಮಂಪರಿನ ಮದ್ದಿಗೂ ಆಗುತ್ತದೆ, ಆದರೆ ಅಪರೂಪ.

ಕೋಣೆಯೊಳಗಿನ ಪ್ರಹಸನ ಇನ್ನೂ ಸೊಗಸು. ಮಂಪರಿನಲ್ಲಿರುವವರು 'ತುರಿಸ್ತಿದೆ, ಗಂಟಲು ಬಿಗೀತಿದೆ' ಅನ್ನಲಾರರು. ದದ್ದು ಎದ್ದರೂ ಹಸಿರು ಬಟ್ಟೆಯ ಅಡಿಯಲ್ಲಿ. ಎಷ್ಟೋ ಸಲ ಏಳುವುದೇ ಇಲ್ಲ. ಬಿಪಿ ಬಿದ್ದದ್ದೇ ಮೊದಲ ಸುಳಿವು. 'ಡೋಸ್ ಜಾಸ್ತಿ ಆಯ್ತು' ಎಂದು ಫ್ಲುಮಾಜೆನಿಲ್ ಬರುತ್ತದೆ. ಅದು ಮಿಡಜೋಲಾಂನ ಮಂಪರು ಬಿಡಿಸೀತು, ಅನಫಿಲ್ಯಾಕ್ಸಿಸ್‌ಗೆ ಏನೂ ಮಾಡದು. ನಂತರ ಹೈಡ್ರೋಕಾರ್ಟಿಸೋನ್, ಅದರ ಬೆನ್ನಿಗೆ ಆಂಟಿಹಿಸ್ಟಮಿನ್. ಜೀವ ಉಳಿಸುವ ಅಡ್ರಿನಲಿನ್‌ಗೆ ಪಂಕ್ತಿಯ ಕೊನೆಯ ಎಲೆ, 'ಹಾರ್ಟಿಗೆ ತೊಂದರೆ ಆದೀತು' ಎಂಬ ಕಾಳಜಿಯಿಂದ! ಕೆಲಸ ಇಷ್ಟೇ: ದೊಡ್ಡವರಿಗೆ 1:1000 ಅಡ್ರಿನಲಿನ್ 0.5 ಮಿಲಿ, ತೊಡೆಯ ಹೊರಬದಿಯ ಸ್ನಾಯುವಿಗೆ. ಐದು ನಿಮಿಷಕ್ಕೆ ಚೇತರಿಕೆ ಕಾಣದಿದ್ದರೆ ಮತ್ತೊಮ್ಮೆ. ಆಮ್ಲಜನಕ, ಕಾಲು ಮೇಲಕ್ಕೆ, ಸಲೈನ್ 500ರಿಂದ 1000 ಮಿಲಿ ರಭಸವಾಗಿ. ಶಂಕಿತ ಮದ್ದು ಬಂದ್.

ಬದುಕಿದ ಮೇಲಾದರೂ ರಕ್ತ ತೆಗೆಯಬಹುದಿತ್ತು. ಅನಫಿಲ್ಯಾಕ್ಸಿಸ್ ಆದಾಗ ರಕ್ತದಲ್ಲಿ ಏರುವ ಟ್ರಿಪ್ಟೇಸ್‌ನ ಪರೀಕ್ಷೆಗೆ ಒಂದೆರಡು ಗಂಟೆಯೊಳಗೆ ಒಂದು ಮಾದರಿ, 24 ಗಂಟೆ ಕಳೆದ ಮೇಲೆ ಇನ್ನೊಂದು. ಎರಡನೆಯದು ಇಲ್ಲದಿದ್ದರೆ ಮೊದಲನೆಯದನ್ನು ಯಾವುದಕ್ಕೆ ಹೋಲಿಸುವುದು? ನಾಲ್ಕರಿಂದ ಆರು ವಾರದ ನಂತರ ಚರ್ಮ ಪರೀಕ್ಷೆ, ನಾಲ್ಕೂ ಆರೋಪಿಗಳಿಗೆ. ಜೆಲ್ ಅನ್ನು ಮದ್ದೆಂದೇ ಯಾರೂ ಲೆಕ್ಕಕ್ಕಿಡದ ಕಾರಣ ಅದು ಚಾರ್ಟಿನಲ್ಲೇ ಇರುವುದಿಲ್ಲ.

ಮುಂದೆ ಆ ರೋಗಿ ಹಲ್ಲು ಕೀಳಿಸಲು ಹೋಗುತ್ತಾರೆ. ಸಮ್ಮರಿ ನೋಡಿದ ದಂತವೈದ್ಯರು ಬಹಳ ಜಾಗರೂಕರು: ಮಿಡಜೋಲಾಂ ಸುತರಾಂ ಬೇಡ ಎಂದು, ಮೊದಲು ಬಾಯಿ ಮುಕ್ಕಳಿಸಲು ಕ್ಲೋರ್‌ಹೆಕ್ಸಿಡಿನ್ ಕೊಡುತ್ತಾರೆ.