ಓದುವುದೊಂದನ್ನು ಬಿಟ್ಟು

ಕೆಲಸದಲ್ಲಿರುವ ಶಿಕ್ಷಕರು ದೂರಶಿಕ್ಷಣದಲ್ಲಿ ಎಂ.ಎ. ಮಾಡಲು ಹೊರಟರೆ ಮೊದಲ ಪರೀಕ್ಷೆ ನಡೆಯುವುದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ. ಉನ್ನತ ವ್ಯಾಸಂಗಕ್ಕೆ ಪೂರ್ವಾನುಮತಿ ಕೋರಿ ಅರ್ಜಿ, ಮುಖ್ಯ ಗುರುಗಳ ಶಿಫಾರಸು, ‘ಶಾಲಾ ಕರ್ತವ್ಯಕ್ಕೆ ಯಾವುದೇ ಧಕ್ಕೆ ತರುವುದಿಲ್ಲ’ ಎಂಬ ಮುಚ್ಚಳಿಕೆ, ಎಲ್ಲವೂ ಸೂಕ್ತ ಮಾರ್ಗದ ಮೂಲಕ. ಮಾರ್ಗ ಸೂಕ್ತವಾದಷ್ಟೂ ಉದ್ದ. ಪ್ರವೇಶದ ಕೊನೆ ದಿನ ಮುಗಿದು, ದಂಡ ಸಹಿತ ಕೊನೆ ದಿನವೂ ಮುಗಿದ ಮೇಲೆ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುತ್ತದೆ. ಅದಕ್ಕೇ ಅನುಭವಸ್ಥರು ಮೊದಲು ಫೀಸು ಕಟ್ಟಿ, ಆಮೇಲೆ ಪೂರ್ವಾನುಮತಿ ಕೇಳುತ್ತಾರೆ. ಅದೂ ಕೈತಪ್ಪಿದರೆ ‘ಘಟನೋತ್ತರ ಅನುಮತಿ’ ಎಂಬ ಇನ್ನೊಂದು ಬಾಗಿಲಿದೆ; ಅದರ ಅರ್ಜಿಯೂ ಸೂಕ್ತ ಮಾರ್ಗದಲ್ಲೇ ಬರಬೇಕು.

ಮುಚ್ಚಳಿಕೆಯ ವಿಷಯ ಸೊಗಸಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಾಕುವಂತಿಲ್ಲ. ಚುನಾವಣೆ ಐದು ವರ್ಷಕ್ಕೊಮ್ಮೆ ಬಂದರೂ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ ವರ್ಷಪೂರ್ತಿ ಇರುತ್ತದೆ. ಮತದಾರರ ಪಟ್ಟಿ ಹಿಡಿದು ಮನೆ ಮನೆ ಸುತ್ತುವವರಿಂದ ಯಾರೂ ಮುಚ್ಚಳಿಕೆ ಬರೆಸಿಕೊಳ್ಳುವುದಿಲ್ಲ. ಮೇಷ್ಟ್ರು ಪುಸ್ತಕ ಹಿಡಿದಾಗ ಮಾತ್ರ ಶಾಲೆಗೆ ಧಕ್ಕೆ ತಗಲುತ್ತದೆ.

ಇನ್ನು ಹೆಸರಿನ ಅಧ್ಯಾಯ. 2024ರಿಂದ ದೂರಶಿಕ್ಷಣಕ್ಕೆ ಸೇರಲು ಯುಜಿಸಿಯ ದೂರಶಿಕ್ಷಣ ಮಂಡಳಿ ಕೊಡುವ ಗುರುತಿನ ಸಂಖ್ಯೆ, ಅಂದರೆ ಡೆಬ್ ಐಡಿ ಬೇಕು. ಡೆಬ್ ಐಡಿಗೆ ಎಬಿಸಿ (ಕ್ರೆಡಿಟ್ ಜಮೆಯಾಗುವ ಶೈಕ್ಷಣಿಕ ಖಾತೆ) ಐಡಿ, ಎಬಿಸಿ ಐಡಿಗೆ ಡಿಜಿಲಾಕರ್, ಡಿಜಿಲಾಕರ್‌ಗೆ ಆಧಾರ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಪದವಿ ಪ್ರಮಾಣಪತ್ರದಲ್ಲಿ ಹಿಂದೆ, ಆಧಾರ್‌ನಲ್ಲಿ ಅದೇ ಇನಿಷಿಯಲ್ ಬಿಚ್ಚಿಕೊಂಡು ಅಪ್ಪನ ಹೆಸರು, ಸೇವಾ ಪುಸ್ತಕದಲ್ಲಿ ಮದುವೆಯ ನಂತರ ಗಂಡನ ಹೆಸರು. ಮೇಡಂ ಒಬ್ಬರೇ, ಅಭ್ಯರ್ಥಿಗಳು ನಾಲ್ವರು. ಅಂಕಪಟ್ಟಿ ತಿದ್ದಿಸಲು ಹೋದರೆ ನಿವೃತ್ತಿಯೊಳಗೆ ಮುಗಿಯುವ ಖಾತ್ರಿಯಿಲ್ಲ. ಆಧಾರ್ ಅನ್ನೇ ಎಸ್ಸೆಸ್ಸೆಲ್ಸಿಗೆ ಹೊಂದಿಸುವುದು ಜಾಣತನ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಒಂದು ಮದುವೆಗೆ ಖರ್ಚಾಗಿರುತ್ತದೆ, ಉಳಿದದ್ದು ಎಂ.ಎ.ಗೆ.

ಸೇರಿಕೊಂಡಾಯಿತು. ಈಗ ಓದಿನ ಲೆಕ್ಕ. ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ) ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ನಾಲ್ಕು ಕ್ರೆಡಿಟ್‌ನ ಒಂದು ಪತ್ರಿಕೆಗೆ 120 ಗಂಟೆ. ಈ ಗಂಟೆಗಳನ್ನು ಎಲ್ಲಿಂದ ತೆಗೆಯಬೇಕು? ಬೆಳಿಗ್ಗೆ ಶಾಲೆಯ ಮಕ್ಕಳಿಗೆ ತಲೆಗೆ 18 ಗ್ರಾಂ ಪುಡಿಯಂತೆ 150 ಮಿ.ಲೀ. ಹಾಲು ಕದಡಿಸಬೇಕು, ರಾಗಿ ಮಾಲ್ಟ್ ದಿನವಾದರೆ ಅದರ ಲೆಕ್ಕ ಬೇರೆ. ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು, ಎಣಿಸಿ ಬರೆಯಬೇಕು. ಎಸ್‌ಎಟಿಎಸ್ (ಮಕ್ಕಳ ದಾಖಲೆ ತುಂಬುವ ಜಾಲತಾಣ) ಸರ್ವರ್ ತೆರೆದುಕೊಳ್ಳುವುದು ರಾತ್ರಿ ಹತ್ತರ ಮೇಲೆ. ಇದರ ಜೊತೆಗೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆಯ ವೃತ್ತಿಪರ ಅಭಿವೃದ್ಧಿಯನ್ನು ಬಯಸುತ್ತದೆ. ಅದಕ್ಕಾಗಿ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ನೋಡಬೇಕಾದ ತರಬೇತಿ ವಿಡಿಯೊಗಳು ಒಲೆಯ ಪಕ್ಕ ತಾವೇ ಓಡಿ ಮುಗಿಯುತ್ತವೆ, ಕುಕ್ಕರ್ ಆ ವಿಷಯದಲ್ಲಿ ಸಾಕಷ್ಟು ಅಭಿವೃದ್ಧಿ ಹೊಂದಿದೆ. ಇಷ್ಟು ಸಾಲದೆಂದೋ ಏನೋ, ಏಕಕಾಲಕ್ಕೆ ಎರಡು ಪದವಿ ಮಾಡಬಹುದೆಂದು ಯುಜಿಸಿ 2022ರಲ್ಲಿ ಹೇಳಿತು. ಒಂದನ್ನು ಓದಲು ಪುರುಸೊತ್ತಿಲ್ಲದವರು ಈಗ ಎರಡನ್ನು ಓದದೆ ಇರಬಹುದು.

ವಿಷಯ ಆಯ್ಕೆಯಲ್ಲಿ ಹೆಚ್ಚು ಹೇಳುವುದೇನಿಲ್ಲ. ಪ್ರಾಯೋಗಿಕ ತರಗತಿ ಇರದ, ಗೈಡು ಸುಲಭವಾಗಿ ಸಿಗುವ ವಿಷಯವೇ ಒಳ್ಳೆಯದು. ಗಣಿತ ಮೇಷ್ಟ್ರು ಇತಿಹಾಸದಲ್ಲಿ ಎಂ.ಎ. ಮಾಡುವುದರಿಂದ ಭಿನ್ನರಾಶಿಗೆ ಯಾವ ನಷ್ಟವೂ ಇಲ್ಲ.

ನಿಜವಾದ ರುಚಿ ಇರುವುದು ಅಸೈನ್‌ಮೆಂಟಿನಲ್ಲಿ. ಇಗ್ನೋದ ಬಹುತೇಕ ಕೋರ್ಸ್‌ಗಳಲ್ಲಿ ನೂರಕ್ಕೆ 30 ಅಂಕ ಇದಕ್ಕೇ. ಸ್ವಂತ ಕೈಬರಹದಲ್ಲಿರಬೇಕು ಎಂಬುದು ನಿಯಮ. ಸ್ವಂತ ತಲೆಯದ್ದಾಗಿರಬೇಕೆಂದು ಪರೀಕ್ಷಿಸುವ ಯಂತ್ರ ಬಂದಿಲ್ಲ. ಅಲ್ಲಿನ ಶಿಕ್ಷಣಶಾಸ್ತ್ರದ ಎಂ.ಎ.ಗೆ ಪಾಠದ ಪುಸ್ತಕ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಇಪ್ಪತ್ತು ವರ್ಷ ಕನ್ನಡದಲ್ಲಿ ಪಾಠ ಮಾಡಿದವರಿಗೆ ಜೆರಾಕ್ಸ್ ಅಂಗಡಿಯ ‘ಸಾಲ್ವ್ಡ್ ಅಸೈನ್‌ಮೆಂಟ್’ ಪಿಡಿಎಫ್ ಒಂದೇ ಗತಿ. ಅದನ್ನು ಎ4 ಹಾಳೆಗೆ ಇಳಿಸುವ ಹೊಣೆ ಪಿಯುಸಿ ಓದುವ ಮಗಳದ್ದು. ಅವಳ ಅಕ್ಷರ ಚೆನ್ನಾಗಿದೆ. ಕೆಡುವುದು ಮೂರು ಕಡೆ: ಹಿಂದಿನ ವರ್ಷದ ಪ್ರಶ್ನೆಗೆ ಉತ್ತರ ಇಳಿದಿರುತ್ತದೆ, ಮೊದಲ ಪುಟದಲ್ಲಿ ಯಾರದ್ದೋ ನೋಂದಣಿ ಸಂಖ್ಯೆ ಉಳಿದಿರುತ್ತದೆ, ಮತ್ತು ‘ನಿಮ್ಮ ತರಗತಿಯಿಂದ ಒಂದು ಉದಾಹರಣೆ ಕೊಡಿ’ ಎಂಬ ಪ್ರಶ್ನೆ. ಅದಕ್ಕೆ ‘ನನ್ನ ತರಗತಿಯ 62 ಮಕ್ಕಳನ್ನು ಪ್ರೊಜೆಕ್ಟರ್ ಮುಂದೆ ಕೂರಿಸಿ’ ಎಂದು ಉತ್ತರ ಶುರುವಾಗುತ್ತದೆ. ಶಾಲೆಯಲ್ಲಿರುವುದು ಒಟ್ಟು 11 ಮಕ್ಕಳು. ಪ್ರೊಜೆಕ್ಟರ್ ಬಂದಾಗಿನಿಂದ ಬೀರುವಿನಲ್ಲಿದೆ, ಬೀರುವಿನ ಬೀಗದ ಕೈ ವರ್ಗಾವಣೆಯಾದವರ ಬಳಿ ಇದೆ.

ಇದೇ ಪತ್ರಿಕೆಯಲ್ಲಿ ‘ಬಹುವರ್ಗ ಬೋಧನೆಯ ಸವಾಲುಗಳು’ ಎಂಬ ಹತ್ತು ಅಂಕದ ಪ್ರಶ್ನೆ ಇರುತ್ತದೆ. ಉತ್ತರ ಬರೆಯುವವರು ಯಾರು? ಒಂದು, ಎರಡು, ಮೂರನೇ ತರಗತಿಯನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು, ಕಲಿಕಾ ಏಣಿ ನೋಡಿ ಕಾರ್ಡು ಹಂಚಿ, ಶಿಕ್ಷಕರ ನೆರವಿನ ತಟ್ಟೆಯಿಂದ (ಮಕ್ಕಳ ಗುಂಪಿಗೆ ಇಲ್ಲಿ ತಟ್ಟೆ ಎನ್ನುತ್ತಾರೆ) ಸ್ವಕಲಿಕೆಯ ತಟ್ಟೆಯವರೆಗೆ ಮಕ್ಕಳನ್ನು ದಾಟಿಸುವ ನಲಿ-ಕಲಿ ಮೇಡಂ. ನಲಿ-ಕಲಿ ಶುರುವಾದದ್ದು 1995ರಲ್ಲಿ, ಎಚ್.ಡಿ. ಕೋಟೆಯಲ್ಲಿ. ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದ ಮೇಷ್ಟ್ರುಗಳೇ ಕೂತು ಕಾರ್ಡು ಬರೆದರು. ಯಾರೂ ಕ್ರೆಡಿಟ್ ಎಣಿಸಲಿಲ್ಲ. ಮೇಡಂ ಅದನ್ನೇ ಬರೆದರೆ ಅಂಕ ಬಂದೀತೆಂಬ ಭರವಸೆಯಿಲ್ಲ, ಏಕೆಂದರೆ ಪಾಠದ ಪುಸ್ತಕದಲ್ಲಿ ಅದಿಲ್ಲ. ಹಾಗಾಗಿ ಬಹುವರ್ಗ ಬೋಧನೆಯನ್ನು ಕಂಡೇ ಇರದ ಯಾರೋ ಪಿಡಿಎಫ್‌ನಲ್ಲಿ ಬರೆದ ಏಳು ಸವಾಲುಗಳನ್ನು ಅದನ್ನು ದಿನವೂ ಮಾಡುವವರು ನಕಲಿಸುತ್ತಾರೆ.

ಪರೀಕ್ಷೆ ಜೂನ್ ಮತ್ತು ಡಿಸೆಂಬರ್. ಜೂನಿನಲ್ಲಿ ದಾಖಲಾತಿ ಆಂದೋಲನ, ಪಠ್ಯಪುಸ್ತಕ, ಸಮವಸ್ತ್ರ. ಡಿಸೆಂಬರಿನಲ್ಲಿ ಶಾಲಾ ಪ್ರವಾಸ, ವಾರ್ಷಿಕೋತ್ಸವ. ಈ ಎರಡು ತಿಂಗಳು ಬಿಟ್ಟು ಉಳಿದ ಹತ್ತು ತಿಂಗಳಲ್ಲಿ ಪರೀಕ್ಷೆ ಇಡಲಾಗದಂಥ ಜ್ಯೋತಿಷ್ಯದ ದೋಷ ಯಾವುದೋ ಇರಬೇಕು. ಉಳಿಸಿಟ್ಟ ಸಿಎಲ್ (ಸಾಂದರ್ಭಿಕ ರಜೆ) ಎಲ್ಲ ಹಾಕಿ, ಮೊದಲ ಬಸ್ಸಿಗೆ ಜಿಲ್ಲಾ ಕೇಂದ್ರಕ್ಕೆ ಹೋಗಿ, ಮೂರು ಗಂಟೆ ಕೂತು ಬರೆಯುವ ಪ್ರಶ್ನೆ: ‘ಕಂಠಪಾಠ ಆಧಾರಿತ ಮೌಲ್ಯಮಾಪನದ ದೋಷಗಳನ್ನು ಚರ್ಚಿಸಿ’. ಎಂಟು ದೋಷಗಳಿವೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದರಲ್ಲಿ ಆರು ನೆನಪಾಗುತ್ತವೆ.

ಪಾಸಾದ ಮೇಲೆ ಪದವಿಯನ್ನು ಸೇವಾ ಪುಸ್ತಕಕ್ಕೆ ಏರಿಸಬೇಕು. ಅದಕ್ಕೆ ಅಂಕಪಟ್ಟಿಯ ನೈಜತಾ ಪ್ರಮಾಣಪತ್ರ ತರಿಸಬೇಕು, ಅದಕ್ಕೆ ಪ್ರತ್ಯೇಕ ಶುಲ್ಕ. ಮುಕ್ತ ವಿವಿಯದಾದರೆ ವಿಷಯ ನಿರ್ವಾಹಕರು ಮೊದಲು ‘ಯಾವ ವರ್ಷದ್ದು?’ ಎನ್ನುತ್ತಾರೆ. ಮೈಸೂರಿನ ಮುಕ್ತ ವಿವಿಗೆ 2013-14ರಿಂದ ಮಾನ್ಯತೆ ಇಲ್ಲವೆಂದು ಯುಜಿಸಿ ಹೇಳಿದ್ದು 2015ರಲ್ಲಿ. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವೆ ಸಿಕ್ಕಿಕೊಂಡವರು ಓದಿದ್ದು ಹೌದೋ ಅಲ್ಲವೋ ಎಂದು ಓದಿ ಮುಗಿಸಿದ ಮೇಲೆ ತಿಳಿಯಬೇಕಾಯಿತು.

ಇಷ್ಟಾದರೂ ಪದವಿ ವ್ಯರ್ಥವಲ್ಲ. ಸೇವಾ ಪುಸ್ತಕದ ಶಾಯಿ ಆರುವ ಮೊದಲೇ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಫೋನು ಬರುತ್ತದೆ: “ಮೇಡಂ, ನೀವು ಎಂ.ಎ. ಎಜುಕೇಶನ್ ಅಲ್ವಾ? ನಾಳೆ ತರಬೇತಿಗೆ ನೀವೇ ಸಂಪನ್ಮೂಲ ವ್ಯಕ್ತಿ. ಓಓಡಿ (ಅನ್ಯಕಾರ್ಯ ನಿಮಿತ್ತ) ಕೊಡಿಸ್ತೀವಿ, ಪಿಪಿಟಿ ವಾಟ್ಸಾಪ್‌ಗೆ ಹಾಕಿದೀನಿ, ಓದ್ಬಿಟ್ರೆ ಸಾಕು.” ತರಬೇತಿಯ ವಿಷಯ ‘ಮಗು ಕೇಂದ್ರಿತ ಕಲಿಕೆ’. ಆ ದಿನ ಮೇಡಂನ ಮೂರು ತರಗತಿಗಳನ್ನು ಯಾರು ನೋಡಿಕೊಳ್ಳಬೇಕೆಂದು ಆದೇಶದಲ್ಲಿ ಇರುವುದಿಲ್ಲ. ಬಿಸಿಯೂಟದ ಹಾಜರಾತಿಯನ್ನು ಹನ್ನೆರಡರೊಳಗೆ ಕಳಿಸಿ ಎಂಬ ಸಂದೇಶ ಮಾತ್ರ, ‘ತುರ್ತು’ ಎಂಬ ತಲೆಬರಹದೊಂದಿಗೆ, ತರಬೇತಿ ಕೊಠಡಿಗೇ ಬಂದು ತಲುಪುತ್ತದೆ.