ಆರೋಗ್ಯ ವಿಮೆ ಎಲ್ಲರಿಗೂ ಕಡ್ಡಾಯ ಆಗಬೇಕಾ?

ಪರ: ಪೀಸ್ ಲೆಕ್ಕದವರ ಗತಿ ಏನು?

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಯುವವರ ಲೆಕ್ಕ ಬರೆಯುವುದು ನನ್ನ ಕೆಲಸ. ಎಷ್ಟು ಪೀಸ್ ಹೊಲಿದರೆ ಅಷ್ಟು ದುಡ್ಡು. ಮಲಗಿದರೆ ಅದೂ ಇಲ್ಲ. ಹತ್ತು ಜನರಿಗಿಂತ ಕಡಿಮೆ ಇರುವ ಯೂನಿಟ್‌ಗಳಿಗೆ ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಕಡ್ಡಾಯವಲ್ಲ, ಇನ್ನು ಮನೆಯಲ್ಲೇ ಮಷೀನ್ ಇಟ್ಟುಕೊಂಡು ಹೊಲಿಯುವ ಹೆಂಗಸರನ್ನಂತೂ ಕೇಳುವವರೇ ಇಲ್ಲ.

ನಮ್ಮ ಕಟಿಂಗ್ ಮಾಸ್ಟರ್‌ಗೆ ಎದೆನೋವು ಬಂತು, ಸ್ಟೆಂಟ್ ಹಾಕಬೇಕು ಅಂದರು. ಅವರದ್ದು ಎಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ರೇಟು) ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ದಾಟುವಂತಿಲ್ಲ. ಉಳಿದದ್ದಕ್ಕೆ ಹೆಂಡತಿಯ ಬಳೆ ಅಡ ಇಟ್ಟರು. ಇನ್ನೂ ಬಿಡಿಸಿಲ್ಲ. ಬಡವರ ಪಟ್ಟಿಯಲ್ಲೂ ಇಲ್ಲ, ಕಂಪನಿ ನೌಕರರೂ ಅಲ್ಲ, ಇಂಥವರು ನಮ್ಮೂರಲ್ಲಿ ಓಣಿಗೊಬ್ಬರು ಸಿಗುತ್ತಾರೆ.

ಬೇಕಾದವರು ಮಾಡಿಸಿಕೊಳ್ಳಲಿ ಅಂತ ಬಿಟ್ಟರೆ, ಆಪರೇಷನ್ ಹತ್ತಿರ ಬಂದಾಗಷ್ಟೇ ಜನ ಸೇರುತ್ತಾರೆ. ಗಟ್ಟಿಮುಟ್ಟಾಗಿರುವವರು ‘ನನಗೇನಾಗುತ್ತೆ’ ಅಂತ ಹೊರಗೇ ಉಳಿಯುತ್ತಾರೆ, ಆಗ ಕಂತು ಏರುತ್ತದೆ, ಏರಿದಂತೆ ಇನ್ನಷ್ಟು ಜನ ಕೈಬಿಡುತ್ತಾರೆ. 2003ರಲ್ಲಿ ರೈತರ ಆರೋಗ್ಯ ಯೋಜನೆ ಯಶಸ್ವಿನಿ ಶುರುವಾದಾಗ ಕಂತು ತಿಂಗಳಿಗೆ ಬರೀ 5 ರೂಪಾಯಿ! ಸಹಕಾರ ಸಂಘಗಳ ಮೂಲಕ ಲಕ್ಷಗಟ್ಟಲೆ ರೈತರು ಒಟ್ಟಿಗೆ ಸೇರಿದ್ದಕ್ಕೆ ಅದು ಸಾಧ್ಯವಾಯಿತು (ಸರ್ಕಾರದ ದುಡ್ಡೂ ಇತ್ತು ಅನ್ನಿ).

ಬೈಕಿಗೆ ಇನ್ಶೂರೆನ್ಸ್ ಕಡ್ಡಾಯ, ಅದಕ್ಕೆ ಯಾರ ತಕರಾರೂ ಇಲ್ಲ. ಮನುಷ್ಯನಿಗೆ ಯಾಕೆ ಬೇಡ? ಇಎಸ್‌ಐಗೆ ನೌಕರ ಸಂಬಳದ ಶೇ 0.75 ಕೊಟ್ಟರೆ ಮಾಲೀಕ ಶೇ 3.25 ಕೊಡುತ್ತಾನೆ. ಅದೇ ಲೆಕ್ಕವನ್ನು ಪೀಸಿನ ಮೇಲೆ ಹಾಕಿ, ಜೀನ್ಸ್ ಕೊಳ್ಳುವ ವ್ಯಾಪಾರಿಯಿಂದಲೇ ವಸೂಲಿ ಮಾಡಲಿ.

ವಿರೋಧ: ಕಾರ್ಡು ಕೊಟ್ಟರೆ ಡಾಕ್ಟರ್ ಬರುತ್ತಾರಾ?

ಮೊದಲು ಬೈಕಿನ ಮಾತು. ಅಲ್ಲಿ ಕಡ್ಡಾಯ ಇರುವುದು ಥರ್ಡ್ ಪಾರ್ಟಿ ವಿಮೆ, ಅಂದರೆ ನಾವು ಗುದ್ದಿದವರಿಗೆ ಪರಿಹಾರ ಸಿಗಲಿ ಅಂತ. ನಮ್ಮ ಕಾಲು ಮುರಿದರೆ ಅದು ಬರುವುದಿಲ್ಲ.

ನಾನು ಸಿಂಧನೂರು ಕಡೆಯವನು. ನಮ್ಮಮ್ಮನಿಗೆ ಶುಗರ್, ಬಿಪಿ ಎರಡೂ ಇವೆ. ಬಿಪಿಎಲ್ ಕಾರ್ಡೂ ಇದೆ, 5 ಲಕ್ಷದ ಭರವಸೆಯೂ ಇದೆ. ಆದರೆ ಆ ದುಡ್ಡು ಸಿಗುವುದು ಅಡ್ಮಿಟ್ ಆದರೆ ಮಾತ್ರ. ತಿಂಗಳ ಮಾತ್ರೆ, ರಕ್ತ ಪರೀಕ್ಷೆ, ಬಸ್ ಚಾರ್ಜು ಯಾವುದಕ್ಕೂ ಇಲ್ಲ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಪುಕ್ಕಟೆ ಸಿಗಬೇಕು, ನಾವು ಹೋದಾಗೆಲ್ಲ ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’. ಸಾಲ ಆಗುವುದು ಹೀಗೇ, ಸಣ್ಣಸಣ್ಣದಾಗಿ. ಅದಕ್ಕೆ ಇನ್ನೊಂದು ಕಡ್ಡಾಯ ಕಂತು ಸೇರಿಸಬೇಕಾ?

ರಾಯಚೂರಿನ ಜನ 2022ರಿಂದ ಧರಣಿ ಕೂತಿದ್ದು ಏಮ್ಸ್ (ಕೇಂದ್ರ ಸರ್ಕಾರದ ದೊಡ್ಡಾಸ್ಪತ್ರೆ) ಬೇಕು ಅಂತ, ವಿಮೆ ಬೇಕು ಅಂತ ಅಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು, ಅವರಿಗೆ ಹಾಕಿದ ಗ್ಲೂಕೋಸ್ ಥರದ ಐವಿ ದ್ರಾವಣದ ಮೇಲೇ ಅನುಮಾನ ಬಂತು. ಅವರ ಕೈಯಲ್ಲಿ ಎಂಥ ವಿಮೆ ಇದ್ದಿದ್ದರೆ ಉಳಿಯುತ್ತಿದ್ದರು, ಹೇಳಿ? ಬೇಕಿದ್ದದ್ದು ಒಳ್ಳೆಯ ಔಷಧ, ಅದನ್ನು ಪರೀಕ್ಷೆ ಮಾಡುವ ಲ್ಯಾಬ್.

ಇನ್ನು ವಸೂಲಿ. ಬೇಸಿಗೆ ಬಂದರೆ ನಮ್ಮ ಅರ್ಧ ಕೇರಿ ಬೆಂಗಳೂರಿಗೆ ಗುಳೆ ಹೋಗುತ್ತದೆ. ಗಾರೆ ಕೆಲಸದವನ ಕಂತನ್ನು ಯಾವ ಮೇಸ್ತ್ರಿ ಕಟ್ಟುತ್ತಾನೆ? ಕಟ್ಟದಿದ್ದರೆ ದಂಡ ಯಾರಿಗೆ? ಅಮೆರಿಕದಲ್ಲಿ 2010ರ ಒಬಾಮಾ ಕಾನೂನು ವಿಮೆ ಇಲ್ಲದವರಿಗೆ ದಂಡ ಹಾಕಿತ್ತು, 2019ರಿಂದ ಅದು ಸೊನ್ನೆ. ದಂಡ ಹೋದರೂ ಆ ವ್ಯವಸ್ಥೆ ಬೀಳಲಿಲ್ಲ. ಯಾಕೆಂದರೆ ಕಂತಿಗೆ ಸರ್ಕಾರ ಕೊಡುವ ಸಬ್ಸಿಡಿ ಹೋಗಿರಲಿಲ್ಲ.

ಹಾಗಾಗಿ ಕಟಿಂಗ್ ಮಾಸ್ಟರ್‌ಗೂ ಪೂರ್ತಿ ಚಿಕಿತ್ಸೆ ಕೊಡಿ, ನನ್ನ ತಕರಾರಿಲ್ಲ. ದುಡ್ಡು ತೆರಿಗೆಯಿಂದ ಬರಲಿ, ತಾಲ್ಲೂಕು ಆಸ್ಪತ್ರೆಗೆ ಹೋಗಲಿ. ಅಮ್ಮನ ಮಾತ್ರೆಯನ್ನು ಈ ತಿಂಗಳೂ ಮೆಡಿಕಲ್ ಶಾಪ್‌ನಲ್ಲಿ ಉದ್ರಿ ಬರೆಸಿ ತಂದಿದ್ದೇನೆ.