ತಿಪ್ಪೆಯಲ್ಲೇ ಹಾರಿಹೋಗುವ ಗೊಬ್ಬರ

ಕೊಟ್ಟಿಗೆ ಗೊಬ್ಬರಕ್ಕೆ ಈಗ ಮೊದಲಿನ ಕಸುವಿಲ್ಲ ಅಂತ ಕೊಡಗಿನ ನಮ್ಮ ಮಾದಾಪುರದ ಕಡೆ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಕಸುವು ಇದ್ದೇ ಇದೆ. ಪೈರಿಗೆ ಮುಟ್ಟುವ ಮೊದಲೇ ನಾವು ಅದನ್ನು ಕಳೆದುಕೊಳ್ಳುತ್ತಿದ್ದೇವೆ.

ಹೋದ ವರ್ಷ ಮೇ ತಿಂಗಳಲ್ಲಿ ತಿಪ್ಪೆ ಬಗೆದ ದಿನ ಚೆನ್ನಾಗಿ ನೆನಪಿದೆ. ಮೇಲಿನ ಒಣ ಪದರ ಸರಿಸಿ ಗುದ್ದಲಿ ಹಾಕಿದೆ. ಬಿಸಿ ಹಬೆ ಎದ್ದಿತು. ಮೂಗಿಗೆ ಘಾಟು ಹೊಡೆದು ಕಣ್ಣಲ್ಲಿ ನೀರು ಬಂತು. ಆ ಘಾಟು ಅಮೋನಿಯಾ ಅನಿಲದ್ದು, ಅದರಲ್ಲಿರುವುದು ಪೈರಿಗೆ ಬೇಕಾದ ಸಾರಜನಕ. ಯೂರಿಯಾ ಚೀಲಕ್ಕೆ ದುಡ್ಡು ಕೊಟ್ಟು ತರುವುದೂ ಅದನ್ನೇ ಅಲ್ವಾ?

ದನ ಹೊರಹಾಕುವ ಸಾರಜನಕದಲ್ಲಿ ಅರ್ಧದಷ್ಟು, ಎಷ್ಟೋ ಸಲ ಅದಕ್ಕಿಂತ ಜಾಸ್ತಿ, ಗಂಜಲದಲ್ಲಿರುತ್ತದೆ. ನಾವು ಸಗಣಿಯನ್ನು ಜೋಪಾನ ಮಾಡಿ ಗಂಜಲವನ್ನು ಚರಂಡಿಗೆ ಬಿಡುತ್ತೇವೆ. ಕೊಟ್ಟಿಗೆಗೆ ಸಿಮೆಂಟ್ ಹಾಕಿಸಿದ ಮೇಲಂತೂ ಪೈಪ್ ಹಿಡಿದು ತೊಳೆದರೆ ಮುಗಿಯಿತು. ಮೊದಲು ಅಮ್ಮ ದಿನಾ ತೋಟದಿಂದ ದರಗು (ಉದುರಿದ ಒಣ ಎಲೆ), ಸೊಪ್ಪು ತಂದು ದನದ ಕಾಲಡಿ ಹರಡುತ್ತಿದ್ದರು. ಕೆಸರಾಗದಿರಲಿ ಅಂತ ಹಾಕುತ್ತಾರೆ ಅಂದುಕೊಂಡಿದ್ದೆ. ಗಂಜಲ ಹೀರಿ ಅದರ ಸಾರ ಹಿಡಿದಿಡುತ್ತಿದ್ದುದು ಆ ದರಗೇ.

ಲೆಕ್ಕ ಹಾಕಿ ನೋಡಿ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಇರುವುದೇ ಸುಮಾರು ಶೇ. 0.5. ಐದು ಟನ್ ಹೊತ್ತು ಹಾಕಿದರೆ 25 ಕಿಲೋ. ಯೂರಿಯಾದಲ್ಲಿ ಶೇ. 46, ಹಾಗಾಗಿ 45 ಕಿಲೋದ ಒಂದು ಚೀಲದಲ್ಲೇ 20 ಕಿಲೋ ಚಿಲ್ಲರೆ. ಅಷ್ಟು ಬೆವರು ಸುರಿಸಿ ಹೊತ್ತಿದ್ದರಲ್ಲೂ ಪಾಲು ಗಾಳಿಗೆ ಹೋದರೆ ಹೊಟ್ಟೆ ಉರಿಯುತ್ತದೆ.

ಗದ್ದೆಗೆ ಬಂದ ಮೇಲೂ ಅದೇ ಕಥೆ. ಗುಪ್ಪೆ ಗುಪ್ಪೆಯಾಗಿ ಸುರಿದು, ಮಳೆ ಹಿಡಿಯುವವರೆಗೆ ಬಿಸಿಲಿಗೆ ಬಿಡುತ್ತೇವೆ. ಇದಕ್ಕೇ ನನಗೂ ಅಣ್ಣನಿಗೂ ಪ್ರತಿ ವರ್ಷ ವಾದ. "ಒಣಗಿದ್ರೆ ಹರಡೋಕೆ ಹಗುರ ಕಣೋ, ಆಳು ಎಲ್ಲಿ ಸಿಗ್ತಾರೆ?" ಅಂತಾನೆ. ಅವನು ಹೇಳುವುದು ಸುಳ್ಳಲ್ಲ. ಆದರೂ ಹರಡಿದ ದಿನವೇ ಟಿಲ್ಲರ್ ಹೊಡೆದು ಮಣ್ಣಿಗೆ ಸೇರಿಸಲೇಬೇಕು ಅನ್ನುವುದು ನನ್ನ ಹಟ. ನಿಂತ ನೀರಿನ ಮೇಲೆ ಎರಚಿದರೂ ಪ್ರಯೋಜನ ಕಡಿಮೆ. ಹಗಲು ಬಿಸಿಲಿಗೆ ನೀರಿನಲ್ಲಿ ಪಾಚಿ ಬೆಳೆಯುವಾಗ ನೀರಿನ ಕ್ಷಾರ ಏರುತ್ತದೆ, ಅಮೋನಿಯಾ ಗಾಳಿಗೆ ಹೋಗುತ್ತದೆ. ಗದ್ದೆ ಒಮ್ಮೆ ಒಣಗಿ ಒಮ್ಮೆ ನೀರು ನಿಂತರೆ ಇನ್ನೊಂದು ದಾರಿ. ಒಣಗಿದಾಗ ಸಾರಜನಕ ನೈಟ್ರೇಟ್ ಎಂಬ ನೀರಲ್ಲಿ ಕರಗುವ ರೂಪಕ್ಕೆ ಬರುತ್ತದೆ, ನೀರು ನಿಂತಾಗ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಅನಿಲ ಮಾಡಿಬಿಡುತ್ತವೆ. ಅದರಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜೋರು.

ಉಳಿದಿದ್ದಕ್ಕೆ ನಮ್ಮ ಮಳೆ ಇದೆ. ಜುಲೈನಲ್ಲಿ ರಾತ್ರಿಯೆಲ್ಲಾ ಸುರಿದು ಬೆಳಿಗ್ಗೆ ಗದ್ದೆಗೆ ಹೋದರೆ, ಬದುವಿನ ಕಂಡಿಯಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ ನೀರು ಹರಿಯುತ್ತಿತ್ತು. ಎರಡೇ ದಿನದ ಹಿಂದೆ ಗೊಬ್ಬರ ಹಾಕಿದ್ದ ಗದ್ದೆ ಅದು. ಆ ನೀರು ಹೊಳೆ ಸೇರಿ ಹಾರಂಗಿಗೆ, ಮುಂದೆ ಕೂಡಿಗೆಯಲ್ಲಿ ಕಾವೇರಿಗೆ. ಸಾವಯವ ಅಂದ ಕೂಡಲೇ ಹೊಳೆಗೆ ತೊಂದರೆಯಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಈ ವರ್ಷ ತಿಪ್ಪೆಗೆ ಕಾಫಿ ಒಣಗಿಸುವ ಹಳೆ ಟಾರ್ಪಾಲು ಹೊದಿಸಿ ಸುತ್ತ ಸಣ್ಣ ಕಾಲುವೆ ತೆಗೆದಿದ್ದೇನೆ, ಮಳೆನೀರು ಒಳಗೆ ಬರದಿರಲಿ ಅಂತ. ದನದ ಕಾಲಡಿಗೆ ಮತ್ತೆ ದರಗು ಬಿದ್ದಿದೆ. ಗೊಬ್ಬರ ಹಾಕಿದ ಗದ್ದೆಯ ಕಂಡಿಯನ್ನು ಒಂದು ವಾರ ಮುಚ್ಚಿಡಬೇಕು ಅಂತಿದ್ದೇನೆ, ಬದು ಒಡೆಯುವಷ್ಟು ಮಳೆ ಬಂದರೆ ಮಾತ್ರ ಬೇರೆ. ಇನ್ನು ಆಗಬೇಕಾಗಿರುವುದು ಗಂಜಲದ ಗುಂಡಿ. ನಾಲ್ಕು ದನಕ್ಕೆ ಎಷ್ಟು ದೊಡ್ಡ ಗುಂಡಿ ಬೇಕು? ಮಾಡಿಕೊಂಡವರು ಹತ್ತಿರದಲ್ಲಿ ಯಾರಾದರೂ ಇದ್ದರೆ ಹೇಳಿ, ನಾನೇ ಬಂದು ನೋಡುತ್ತೇನೆ.